ಒಂಬತ್ತು ಇಂಚಿನ ಪರದೆ, ಒಂದು ಸ್ಟೀಲ್ ಡಬ್ಬಿ

ನನ್ನ ಅಡುಗೆಮನೆಯ ಗೂಡಿನಲ್ಲಿ ನನ್ನದಲ್ಲದ ಒಂದು ಸ್ಟೀಲ್ ಡಬ್ಬಿ ಮೂರು ವಾರಗಳಿಂದ ಕೂತಿದೆ. ಅಡುಗೆಮನೆ ಎಂದದ್ದು ಮಾತಿನ ಮರ್ಯಾದೆಗೆ. ದಿಲ್ಲಿಯ ಮುನಿರ್ಕಾದ ಮೂರನೆಯ ಮಹಡಿಯ ಈ ಏಕೈಕ ಕೋಣೆಯಲ್ಲಿ ಒಂದು ಮೂಲೆಗೆ ಗ್ಯಾಸ್ ಒಲೆ, ಇನ್ನೊಂದು ಮೂಲೆಗೆ ಪುಸ್ತಕರಾಶಿ, ಇವೆರಡರ ನಡುವಿನ ಮಂಚದ ಮೇಲೆ ಏಳು ವರ್ಷಗಳಿಂದ ಪಿಎಚ್.ಡಿ. ಮುಗಿಸುತ್ತಲೇ ಇರುವ ನಾನು. ಡಬ್ಬಿಯ ಹೊಟ್ಟೆಯ ಮೇಲೆ, ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕುಟ್ಟಿಕೊಡುತ್ತಾರಲ್ಲ, ಆ ಅಕ್ಷರಗಳಲ್ಲಿ ‘ಸರಸಮ್ಮ’ ಎಂದಿದೆ. ಬಂದಾಗ ಅದರ ತುಂಬ ಚಕ್ಕುಲಿ, ತಳದಲ್ಲಿ ಒಂದು ಚೀಟಿ. ಚಕ್ಕುಲಿಗಳು ಎರಡು ದಿನದಲ್ಲಿ ಸದ್ಗತಿ ಹೊಂದಿದವು; ಚೀಟಿಯ ವಿಷಯ ಆಮೇಲೆ ಹೇಳುತ್ತೇನೆ. ಡಬ್ಬಿಯನ್ನಂತೂ ಹಿಂದಿರುಗಿಸಬೇಕು, ಆದರೆ ಅದರಲ್ಲಿ ಏನು ತುಂಬಿ ಕಳಿಸುವುದೆಂದು ತಿಳಿಯದೆ, ದಿನಾ ಅದನ್ನು ನೋಡುವುದು, ನಿಟ್ಟುಸಿರುಬಿಡುವುದು ನಡೆದಿದೆ. ಹಾಗೆ ನೋಡುತ್ತಿದ್ದಾಗಲೇ ಅದರ ಪಕ್ಕದಲ್ಲಿ ಮುಚ್ಚಿಕೊಂಡು ಮಲಗಿರುವ ನನ್ನ ಪುಟ್ಟ ಲ್ಯಾಪ್‌ಟಾಪಿನ ಕಥೆಯೂ ಈ ಡಬ್ಬಿಯ ಕಥೆಯೂ ಬೇರೆ ಬೇರೆ ಅಲ್ಲವೆಂದು ಹೊಳೆದು, ಓದುಗ ಮಹಾಶಯ, ನಿಮ್ಮನ್ನು ಜೊತೆಗೆ ಕೂರಿಸಿಕೊಂಡಿದ್ದೇನೆ. ಚಹಾ ಕೊಡಲಾರೆ, ಕ್ಷಮಿಸಿ. ಇರುವುದು ಒಂದೇ ಲೋಟ.

ಆ ಲ್ಯಾಪ್‌ಟಾಪನ್ನು ನಾನು ನೆಹರೂ ಪ್ಲೇಸಿನ ಕಂಪ್ಯೂಟರ್ ಬಜಾರಿನಲ್ಲಿ ಕೊಂಡದ್ದು ಅದರ ಗಾತ್ರಕ್ಕೆ ಮರುಳಾಗಿ. ಒಂಬತ್ತು ಇಂಚಿನ ಪರದೆ, ಕೈಚೀಲದಲ್ಲಿ ಹಾಕಿಕೊಂಡರೆ ಇದೆಯೋ ಇಲ್ಲವೋ ಎನ್ನುವಷ್ಟು ತೂಕ. ಸಿಡಿ ಹಾಕಲು ಜಾಗವಿಲ್ಲ ಎಂಬುದನ್ನು ಅಂಗಡಿಯವನು ದೋಷವೆಂದು ಹೇಳದೆ ಫ್ಯಾಷನ್ ಎಂದು ಹೇಳಿದ, ನಾನು ಒಪ್ಪಿದೆ. ಆದರೆ ಅದರೊಳಗೆ ಕೂರಿಸಿ ಕೊಟ್ಟಿದ್ದ ಕಾರ್ಯಾಚರಣ ವ್ಯವಸ್ಥೆ ಮಹಾಕಾಯದ್ದು. ಕುರಿಮರಿಯ ಬೆನ್ನಿಗೆ ಅಂಬಾರಿ ಕಟ್ಟಿದ ಹಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿ, ಚಹಾಕ್ಕೆ ನೀರಿಟ್ಟು, ಚಹಾ ಕುಡಿದು, ಲೋಟ ತೊಳೆದು, ಬಾಲ್ಕನಿಯಲ್ಲಿ ನಿಂತು ಎದುರು ಮನೆಯವರ ಜಗಳವನ್ನು ಪೂರ್ವಪಕ್ಷ ಉತ್ತರಪಕ್ಷ ಸಮೇತ ಆಲಿಸಿ ಬಂದರೂ ಪರದೆಯ ಮೇಲಿನ ಮರಳುಗಡಿಯಾರ ಇನ್ನೂ ತಲೆಕೆಳಗಾಗುತ್ತಲೇ ಇರುತ್ತಿತ್ತು. ನನಗೇನೂ ಅದರಿಂದ ಬೇಸರವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉಪ್ಪಿನ ಸುಂಕದ ಮೇಲೆ ಪ್ರಬಂಧ ಬರೆಯುವವನಿಗೆ ಬರೆಯದೇ ಇರಲು ಇಷ್ಟು ಗೌರವಾನ್ವಿತವಾದ ಕಾರಣ ಇನ್ನೆಲ್ಲಿ ಸಿಗಬೇಕು? ಬೇಸರವಿದ್ದದ್ದು ಸರಸಮ್ಮನವರಿಗೆ.

ಸರಸಮ್ಮನವರು ಮಯೂರ್ ವಿಹಾರಿನ ಒಂದು ವಸತಿ ಸೊಸೈಟಿಯ ನೆಲಮಹಡಿಯಲ್ಲಿ ಮಗ, ಸೊಸೆ, ಮೊಮ್ಮಗಳು ಅದಿತಿಯ ಜೊತೆ ಇರುವ ಮೈಸೂರಿನ ಹಿರಿಯರು. ಗುಮಾಸ್ತರೊಬ್ಬರ ಕೈಹಿಡಿದು ಐವತ್ತರ ದಶಕದಲ್ಲಿ ದಿಲ್ಲಿಗೆ ಬಂದವರು. ನಾನೋ ಹೊಸಪೇಟೆಯವನು, ಹೆಸರು ಅನ್ವರ್, ಮನೆಮಾತು ದಖನಿ. ದಿಲ್ಲಿಗೆ ಬರುವಾಗ, ಬಿಡು, ಅಲ್ಲಿನವರ ಮಾತು ನಮ್ಮ ಮಾತೇ ಎಂಬ ಗರ್ವವಿತ್ತು. ಬಂದ ವಾರದಲ್ಲೇ ಒಬ್ಬ ತರಕಾರಿ ಭಯ್ಯಾನಿಗೆ, ಬೇಡ ಎನ್ನಲು, ‘ನಕ್ಕೋ’ ಎಂದೆ. ಅವನು ಪಕ್ಕದ ಗಾಡಿಯವನನ್ನು ಕರೆದು, ಇನ್ನೊಂದು ಸಲ ಹೇಳಿ ಎಂದು ಕೇಳಿಕೊಂಡ. ನನ್ನ ಉರ್ದು ಕೇಳಿ ದಿಲ್ಲಿ ನಕ್ಕಿತು. ನನ್ನ ಕನ್ನಡ ಕೇಳಿ ಸರಸಮ್ಮ ಅನ್ನ ಹಾಕಿದರು. ಕನ್ನಡದವರ ಒಂದು ಸಮಾರಂಭದಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು, ಊರು ಯಾವುದು, ಊಟ ಎಲ್ಲಿ ಎಂದು ವಿಚಾರಿಸಿ, “ಭಾನುವಾರ ಮನೆಗೆ ಬಾ. ಬೆಳ್ಳುಳ್ಳಿ ಹಾಕದ ಸಾರು ನಿನಗೆ ರುಚಿಸತ್ತೋ ಇಲ್ವೋ, ಅದೊಂದೇ ನನಗೆ ಯೋಚನೆ” ಎಂದರು. ರುಚಿಸಿತು. ಅಂದಿನಿಂದ ನನ್ನ ಭಾನುವಾರಗಳು ಅವರವಾದವು.

ಮೊದಲ ಭಾನುವಾರವೇ ಕೈಗೆ ಒಂದು ಡಬ್ಬಿ ಬಂತು, ಅದರಲ್ಲಿ ಕೋಡುಬಳೆ. ಮುಂದಿನ ವಾರ ನಾನು ಡಬ್ಬಿಯನ್ನು ಸಬೀನ ಹಾಕಿ ಉಜ್ಜಿ, ಮುಖ ಕಾಣುವ ಹಾಗೆ ಬೆಳಗಿ, ಒಳ್ಳೆಯ ಮನೆತನದ ಹುಡುಗನೆಂಬ ಶಹಭಾಸ್‌ಗಿರಿಯನ್ನು ನಿರೀಕ್ಷಿಸುತ್ತಾ ಅವರ ಮುಂದಿಟ್ಟೆ. ಅವರು ಮುಚ್ಚಳ ತೆಗೆದು ನೋಡಿದರು. ಒಳಗೆ ಹೋಗಿ ನಾಲ್ಕು ಹರಳು ಕಲ್ಲುಸಕ್ಕರೆ ತಂದು ತಾವೇ ಅದರಲ್ಲಿ ಹಾಕಿ, ಡಬ್ಬಿಯನ್ನು ನನ್ನ ಕೈಗಿತ್ತು, “ಹೂಂ, ಈಗ ಕೊಡು” ಎಂದರು. ಬಯ್ಯಲಿಲ್ಲ, ಬೋಧಿಸಲಿಲ್ಲ. ನಮ್ಮ ಮನೆಯಲ್ಲಿ ಅಮ್ಮಿಯೂ ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಕಳಿಸಿದವಳಲ್ಲ, ಕೊನೆಗೆ ಎರಡು ಕರಿಬೇವಿನ ಎಸಳನ್ನಾದರೂ ಹಾಕುತ್ತಿದ್ದಳು ಎಂಬುದು ಆಗ ನೆನಪಾಗಿ ನಾಚಿಕೆಯಾಯಿತು. ಅಲ್ಲಿಂದ ಮುಂದೆ ನನ್ನ ಡಬ್ಬಿಗಳು ಪೇರಲಹಣ್ಣು, ಆಗ್ರಾದ ಪೇಠಾ ಮಿಠಾಯಿ ಇತ್ಯಾದಿಗಳನ್ನು ಹೊತ್ತು ಹೋದವು. ಒಮ್ಮೆ ಈದ್ ಆದ ಮಾರನೆಯ ದಿನ ನಾನೇ ಕೈಯಾರೆ ಮಾಡಿದ ಶಾವಿಗೆ ಪಾಯಸವನ್ನು ತುಂಬಿಕೊಂಡು ಬಸ್ಸು ಹತ್ತಿದೆ. ಮೆಟ್ರೋ ಕಂಬಗಳಿಗಾಗಿ ಅಗೆದಿದ್ದ ರಸ್ತೆಯಲ್ಲಿ ಬಸ್ಸು ಕುಣಿದ ಕುಣಿತಕ್ಕೆ ಮುಕ್ಕಾಲು ಪಾಯಸ ನನ್ನ ಪ್ಯಾಂಟಿಗೆ ಅರ್ಪಿತವಾಯಿತು. ಉಳಿದ ಕಾಲುಭಾಗವನ್ನು ಸರಸಮ್ಮ ಮನೆಯವರಿಗೆಲ್ಲ ಒಂದೊಂದು ಚಮಚ ಹಂಚಿ ತಾವೂ ಚಪ್ಪರಿಸಿದರು.

ಊಟವಾದ ಮೇಲೆ ಅವರು ಕಥೆ ಹೇಳುತ್ತಿದ್ದರು. ದಿಲ್ಲಿಯ ಮೊದಲ ಚಳಿಗಾಲದಲ್ಲಿ ಬಾಟಲಿಯಲ್ಲಿನ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾದದ್ದನ್ನು ಕಂಡು ಕೆಟ್ಟುಹೋಯಿತೆಂದು ಅತ್ತು ಎಸೆದದ್ದು. ಮೊಸರು ಹೆಪ್ಪಾಗದೆ, ಪಕ್ಕದ ಕ್ವಾರ್ಟರಿನ ಸರ್ದಾರ್ನಿ ಹೇಳಿಕೊಟ್ಟಂತೆ ಹಾಲಿನ ಪಾತ್ರೆಯನ್ನು ರಜಾಯಿಯೊಳಗೆ ಮಲಗಿಸಿದ್ದು, ಯಜಮಾನರು ನಿದ್ದೆಗಣ್ಣಿನಲ್ಲಿ ಅದನ್ನು ಒದ್ದು ಮಂಚವೆಲ್ಲ ಕ್ಷೀರಸಾಗರವಾದದ್ದು. ಬೇಸಿಗೆಯಲ್ಲಿ ಇಡೀ ಕಾಲೊನಿ ಅಂಗಳದಲ್ಲಿ ಚಾರ್‌ಪಾಯಿ ಹಾಕಿ ಮಲಗಿದಾಗ ಯಾವ ಮಂಚದಿಂದ ಯಾವ ಭಾಷೆಯ ಗೊರಕೆ ಬರುತ್ತಿದೆಯೆಂದು ಗುರುತಿಸುತ್ತಿದ್ದದ್ದು. ನನಗೆ ಉಪ್ಪಿನ ಸುಂಕಕ್ಕಿಂತ ಈ ಕೊಬ್ಬರಿ ಎಣ್ಣೆಯೇ ಇತಿಹಾಸವೆನಿಸತೊಡಗಿತು. ಧ್ವನಿಮುದ್ರಣದ ಯಂತ್ರ ಒಯ್ದೆ. “ಅದನ್ನ ಮುಂದೆ ಇಟ್ರೆ ನನಗೆ ಕೆಮ್ಮು ಬರತ್ತೆ, ಮಾತು ಬರಲ್ಲ” ಎಂದು ದೂರ ತಳ್ಳಿದರು. ಹಾಗಾಗಿ ಅವರು ಹೇಳುತ್ತಾ ಹೋದಂತೆ ನಾನು ಆ ಪುಟ್ಟ ಲ್ಯಾಪ್‌ಟಾಪಿನಲ್ಲಿ ನೇರವಾಗಿ ಟೈಪಿಸುತ್ತಾ ಹೋದೆ. ಪ್ರತಿ ವಾರದ ಹಾಳೆಗಳನ್ನು ಕ್ಯಾಂಪಸ್ಸಿನ ಫೋಟೋಸ್ಟ್ಯಾಟ್ ಅಂಗಡಿಯಲ್ಲಿ ಇಪ್ಪತ್ತು ಪಾಯಿಂಟಿನ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಮುಂದಿನ ವಾರ ಅವರ ಕೈಗೆ ಕೊಡುತ್ತಿದ್ದೆ. ದಪ್ಪ ಅಕ್ಷರ ಏಕೆಂದರೆ ಅವರ ಕಣ್ಣಿನ ನರ ಸೋಲುತ್ತಿತ್ತು, ಕಳೆದುಕೊಂಡ ದೃಷ್ಟಿ ಮರಳುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಅವರು ನನ್ನಿಂದ ಕೇಳಿದ್ದು ಒಂದೇ: “ಇದೆಲ್ಲ ಒಂದು ಪುಸ್ತಕದ ಥರ ಹೊಲಿಸಿ ಕೊಡಪ್ಪ. ಕಣ್ಣಿನ ದೀಪ ಸಣ್ಣಗಾಗ್ತಾ ಇದೆ. ಪೂರ್ತಿ ಆರೋದ್ರೊಳಗೆ ನನ್ನ ಮಾತನ್ನ ಪುಸ್ತಕದಲ್ಲಿ ನಾನೇ ಒಂದು ಸಲ ಓದ್ಬೇಕು.” ನಾನು ಆಗಲಿ ಎಂದು ಮಾತು ಕೊಟ್ಟಿದ್ದೆ.

ಇಂಥವರ ಮುಂದೆ ನನ್ನ ಯಂತ್ರದ ಕುಂಭಕರ್ಣನಿದ್ದೆ ಅಪಚಾರವೇ ಸರಿ. ಅವರು ಕಾಲು ನೀಡಿ ಕೂತು, ಕಥೆಯ ಮೊದಲ ವಾಕ್ಯವನ್ನು ನಾಲಗೆಯ ತುದಿಗೆ ತಂದುಕೊಂಡು ಕಾಯುವುದು. ಪರದೆಯ ಮೇಲೆ ಮರಳುಗಡಿಯಾರ ತಿರುಗುವುದು. ವೈರಸ್ ಬರದಂತೆ ಕಾಯುವವನು ತನ್ನ ಪಟ್ಟಿ ಬಿಚ್ಚುವುದು. “ಎದ್ದಿತೇನೋ ನಿನ್ನ ಪೆಟ್ಟಿಗೆ?” ಎಂದು ಅವರು ಕೇಳುವುದು, “ಇನ್ನೇನು, ಅಜ್ಜಿ” ಎಂದು ನಾನು ಸುಳ್ಳು ಹೇಳುವುದು. ಒಂದು ಭಾನುವಾರ ಅದು ಕಣ್ಣು ಬಿಟ್ಟಾಗ ಸರಸಮ್ಮನವರ ಕಣ್ಣು ಮುಚ್ಚಿತ್ತು, ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಎದ್ದ ಮೇಲೆ ಏನು ಹೇಳಬೇಕೆಂದಿದ್ದರೆಂಬುದೇ ಅವರಿಗೆ ಮರೆತುಹೋಗಿತ್ತು. ಅವತ್ತು ಬಸ್ಸಿನಲ್ಲಿ ಹಿಂದಿರುಗುವಾಗ, ಈ ಅಂಬಾರಿಯನ್ನು ಇಳಿಸಲೇಬೇಕೆಂದು ನಿಶ್ಚಯಿಸಿದೆ.

ನನ್ನ ಕೆಳಗಿನ ಮಹಡಿಯಲ್ಲಿ ಮಂಗಳೂರಿನ ಫ್ರಾನ್ಸಿಸ್ ಇದ್ದಾನೆ, ಭೌತಶಾಸ್ತ್ರದ ಸಂಶೋಧಕ, ಲಿನಕ್ಸ್ ಎಂಬ ಪುಕ್ಕಟೆ ಕಾರ್ಯಾಚರಣ ವ್ಯವಸ್ಥೆಯ ಮಹಾಭಕ್ತ. ಅವನ ಬಾಗಿಲು ತಟ್ಟಿ, ಹಗುರವಾದದ್ದೊಂದು ವ್ಯವಸ್ಥೆ ಬೇಕಲ್ಲ ಎಂದಾಗ ಅವನ ಮುಖದಲ್ಲಿ ಮೂಡಿದ ಆನಂದವನ್ನು ನಾನು ಹಿಂದೆ ನೋಡಿದ್ದು, ಹುಡುಗಿ ಒಪ್ಪಿದಳೆಂದು ಓಡಿಬಂದ ನನ್ನ ಚಿಕ್ಕಪ್ಪನ ಮುಖದಲ್ಲಿ ಮಾತ್ರ. “ಒಂದಲ್ಲ ಮಾರಾಯ, ನೂರುಂಟು. ಎಲ್ಲಾ ಫ್ರೀ. ನಿಂಗೆ ಯಾವುದು ಬೇಕು ಹೇಳು” ಎಂದ. ಒಂದೇ ಇದ್ದಾಗ ಅದನ್ನು ಬಯ್ದುಕೊಂಡು ಸುಖವಾಗಿದ್ದವನಿಗೆ ನೂರು ಎದುರಿಗೆ ನಿಂತರೆ ಗತಿಯೇನು? ಒಂದಕ್ಕೆ ನಾಯಿಮರಿಯ ಹೆಸರು, ಇನ್ನೊಂದರ ಮೂಲೆಯಲ್ಲಿ ಇಲಿಯ ಚಿತ್ರ, ಮತ್ತೊಂದು ಎಷ್ಟು ವಿರಕ್ತವೆಂದರೆ ಕಪ್ಪು ಪರದೆಯ ಮೇಲೆ ಒಂದು ಮಿಟುಕುವ ಗೆರೆಯ ಹೊರತು ಏನೂ ಇಲ್ಲ. ಫ್ರಾನ್ಸಿಸನ ಪೆನ್‌ಡ್ರೈವಿನಿಂದ ಒಂದೊಂದನ್ನೂ ಲ್ಯಾಪ್‌ಟಾಪಿಗೆ ಮುಟ್ಟಿಸಿ, ಒಳಗೆ ಕೂರಿಸದೆ ಹೊರಗಿನಿಂದಲೇ ಓಡಿಸಿ ನೋಡಬಹುದಿತ್ತು. ಅಂಗಡಿಯ ಬಾಗಿಲಲ್ಲೇ ನಿಂತು ದ್ರಾಕ್ಷಿಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡು, ಕೊನೆಗೆ ಹುಳಿ ಎಂದು ಮುಂದೆ ಹೋಗುವ ಗಿರಾಕಿಯ ಸುಖ ನನ್ನದಾಯಿತು.

ನಾನು ಒಂದು ನೋಟುಪುಸ್ತಕ ಕೊಂಡೆ. ಅದರಲ್ಲಿ ಗೆರೆ ಎಳೆದು, ಭಾರ, ವೇಗ, ಕನ್ನಡ, ವೈಫೈ, ಸೌಂದರ್ಯ ಎಂದು ಕಂಬಸಾಲು ಮಾಡಿದೆ. ಉಪ್ಪಿನ ಸುಂಕದ ಅಧ್ಯಾಯಕ್ಕೆ ತೋರದ ಶ್ರದ್ಧೆಯನ್ನು ಈ ಮಹತ್ಕಾರ್ಯಕ್ಕೆ ತೋರಿದೆ. ನಾಯಿಮರಿ ಕಣ್ಣು ಮಿಟುಕಿಸುವುದರೊಳಗೆ ಎದ್ದು ನಿಲ್ಲುತ್ತಿತ್ತು, ಆದರೆ ಅಂದು ನಮಗೆ ಸಿಕ್ಕ ಅದರ ಪ್ರತಿಯಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳ ಸಾಲು. ವಿರಕ್ತನಿಗೆ ಕನ್ನಡವಿರಲಿ, ಮೌಸೇ ಬೇಕಿರಲಿಲ್ಲ. ಇನ್ನೊಂದು ನೋಡಲು ಸುಂದರ, ಆದರೆ ನನ್ನ ಮನೆಯ ವೈಫೈ ಅದರ ಕಣ್ಣಿಗೆ ಬೀಳದು. ಹೀಗೆ ಐದಾರು ವಾರ ಕಳೆದವು. ಸರಸಮ್ಮ ಗೋಡೆಗೆ ಒರಗಿ ಕಾಯುತ್ತಲೇ ಇದ್ದರು. ಕೊನೆಗೆ ಇಲಿಯ ಚಿತ್ರದ್ದನ್ನು ಓಡಿಸಿದಾಗ, ಫ್ರಾನ್ಸಿಸ್ ಎಲ್ಲೋ ಹೋಗಿ ಭಾಷೆ ಬದಲಾಯಿಸಿದ, ಪರದೆಯ ತಲೆಯ ಮೇಲೆ ‘ಕಡತ’, ‘ಸಂಪಾದಿಸು’, ‘ನೋಟ’, ‘ಸಹಾಯ’ ಎಂಬ ಪದಗಳು ಅಚ್ಚ ಕನ್ನಡದಲ್ಲಿ ಸಾಲಾಗಿ ಕೂತವು. ಯಾರು ಬರೆದರು ಇದನ್ನು ಎಂದು ಕೇಳಿದೆ. “ಯಾರೋ ನಮ್ಮಂಥವರು. ಆಫೀಸ್ ಮುಗಿಸಿ ಮನೆಗೆ ಬಂದು ಕೂತು ಮಾಡಿದ್ದು. ದುಡ್ಡು ಗಿಡ್ಡು ಏನಿಲ್ಲ” ಎಂದ. ಮುನಿರ್ಕಾದ ಒಂದು ಕೋಣೆಯಲ್ಲಿ ಒಬ್ಬನಿಗೆ ಎಂದಾದರೂ ಬೇಕಾದೀತೆಂದು, ನನ್ನ ಹೆಸರು ಗೊತ್ತಿಲ್ಲದ ಯಾರೋ ‘ಸಹಾಯ’ ಎಂಬ ಪದವನ್ನು ಬರೆದಿಟ್ಟು ಹೋಗಿದ್ದರು. ಆ ಪದವನ್ನು ಇನ್ನೊಮ್ಮೆ ಬಾಯಿಬಿಟ್ಟು ಓದಿದೆ.

ಅಷ್ಟಾದ ಮೇಲೆ ಸುಖಾಂತವಾಗಬೇಕಿತ್ತು. ಆದರೆ ಅದರ ಮಧ್ಯೆ ನಾನಿದ್ದೆನಲ್ಲ. ಒಂದು ಶನಿವಾರ ಮಧ್ಯಾಹ್ನ, ಇನ್ನು ತಡಮಾಡಬಾರದೆಂಬ ಆವೇಶ ಬಂತು. ಫ್ರಾನ್ಸಿಸ್ ಲ್ಯಾಬಿನಲ್ಲಿದ್ದ, ಅವನ ಪೆನ್‌ಡ್ರೈವೂ ಅವನ ಜೇಬಿನಲ್ಲಿತ್ತು. ನನ್ನದೇ ಒಂದು ಪೆನ್‌ಡ್ರೈವ್ ಇತ್ತು, ಸರಸಮ್ಮನವರ ಹಾಳೆಗಳ ಪ್ರತಿಯನ್ನು ಜಾಗರೂಕತೆಯಿಂದ ಅದರಲ್ಲಿ ಇಟ್ಟಿದ್ದೆ. ನಾನು ಅಷ್ಟು ಬೇಜವಾಬ್ದಾರಿ ಮನುಷ್ಯನಲ್ಲ ಎಂದು ಇಲ್ಲಿ ದಾಖಲಿಸಲು ಬಯಸುತ್ತೇನೆ. ಸಿಡಿಯ ಜಾಗವಿಲ್ಲದ ಈ ಫ್ಯಾಷನ್ ಯಂತ್ರಕ್ಕೆ ಹೊಸ ವ್ಯವಸ್ಥೆ ಹೋಗಬೇಕಾದರೆ ಪೆನ್‌ಡ್ರೈವ್ ಮೂಲಕವೇ ಹೋಗಬೇಕು. ಫೋನು ಮಾಡಿದೆ. ಅವನು ವಿಧಿವಿಧಾನಗಳನ್ನೆಲ್ಲ ಹೇಳಿ, “ಪೆನ್‌ಡ್ರೈವ್‌ನಲ್ಲಿರೋದೆಲ್ಲ ಹೋಗ್ತದೆ ಮಾರಾಯ, ಬೇರೆ ಕಡೆ ಕಾಪಿ ಉಂಟಲ್ಲ?” ಎಂದು ಕೇಳಿದ. ಇದೆ, ಲ್ಯಾಪ್‌ಟಾಪಿನಲ್ಲಿದೆ ಎಂದೆ. ಅದು ಸತ್ಯ. ಪೆನ್‌ಡ್ರೈವ್ ಸಿದ್ಧವಾಯಿತು. ಆಮೇಲೆ ಪರದೆಯ ಮೇಲೆ, ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂಬ ಪ್ರಶ್ನೆ ಬಂತು. ಅಳಿಸಲಿ, ಎಲ್ಲದರ ಪ್ರತಿ ಪೆನ್‌ಡ್ರೈವಿನಲ್ಲಿದೆಯಲ್ಲ ಎಂದುಕೊಂಡು ಹೂಂ ಒತ್ತಿದೆ. ಒಂದು ಗಂಟೆಯ ಹಿಂದೆ ಅದೂ ಸತ್ಯವಾಗಿತ್ತು. ಆ ಪೆನ್‌ಡ್ರೈವು ಎಲ್ಲವನ್ನೂ ಮರೆತು, ಬರಿದಾಗಿ, ನನ್ನ ಮೂಗಿನ ಕೆಳಗೇ ಯಂತ್ರಕ್ಕೆ ಚುಚ್ಚಿಕೊಂಡು ಹಸಿರು ದೀಪ ಮಿಟುಕಿಸುತ್ತಿತ್ತು. ಹೊಸ ವ್ಯವಸ್ಥೆ ನಿಮಿಷದೊಳಗೆ ಎದ್ದು ನಿಂತಿತು. ಎಷ್ಟು ವೇಗವೆಂದು ಹಿಗ್ಗಿದೆ, ಚಹಾ ಮಾಡಿಕೊಂಡೆ. ಸರಸಮ್ಮನವರ ಹಾಳೆ ತೆರೆಯೋಣವೆಂದು ಕೂತಾಗಷ್ಟೇ, ಅದು ಏಕೆ ಇಷ್ಟು ಹಗುರವಾಗಿದೆಯೆಂದು ನನಗೆ ತಿಳಿದದ್ದು.

ಅಯ್ಯೋ ದೇವರೇ! ಮತ್ತೆ ಫೋನು ಮಾಡಿದೆ. ಫ್ರಾನ್ಸಿಸ್ ಓಡಿಬಂದ, ಅಳಿಸಿದ್ದನ್ನು ಮರಳಿ ತರುವ ಮಂತ್ರಗಳನ್ನೆಲ್ಲ ಜಪಿಸಿದ. ಸಿಕ್ಕಿದ್ದು ಮುರಿದ ಅಕ್ಷರಗಳ ಜೊಳ್ಳು. ಉಪ್ಪಿನ ಸುಂಕದ ಅಧ್ಯಾಯಗಳೋ ಮಾರ್ಗದರ್ಶಕರ ಇಮೇಲಿನಲ್ಲಿ ಸುಭದ್ರವಾಗಿದ್ದವು. ಬೇಡವಾದದ್ದು ಹಾಗೇ, ಎಲ್ಲಿ ಎಸೆದರೂ ಉಳಿಯುತ್ತದೆ. ಫೋಟೋಸ್ಟ್ಯಾಟ್ ಅಂಗಡಿಗೆ ಓಡಿದೆವು. ಅಲ್ಲಿನ ಭಯ್ಯಾ ವೈರಸ್ಸಿಗೆ ಹೆದರಿ ಅಚ್ಚಾದ ತಕ್ಷಣ ಎಲ್ಲವನ್ನೂ ಅಳಿಸುವ ಶಿಸ್ತಿನ ಮನುಷ್ಯ. “ಅಪ್ನೇ ಪಾಸ್ ನಹೀಂ ರಖಾ ಕ್ಯಾ?” ಎಂದ ಅವನು ಮುಗ್ಧವಾಗಿ, ನಿಮ್ಮ ಹತ್ತಿರ ಇಟ್ಟುಕೊಂಡಿಲ್ಲವೇ ಎಂದು. ಇನ್ನು ಉಳಿದಿದ್ದ ಆಸೆ ಒಂದೇ, ಸರಸಮ್ಮನವರ ಕೈಗೆ ಕೊಟ್ಟಿದ್ದ ಅಚ್ಚಿನ ಹಾಳೆಗಳು.

ಮರುದಿನ ಮಯೂರ್ ವಿಹಾರಿನ ದಾರಿ ಅಷ್ಟು ಉದ್ದವಾಗಿ ನನಗೆಂದೂ ಕಂಡಿರಲಿಲ್ಲ. ಬಸ್ಸು ಯಮುನೆಯನ್ನು ದಾಟುವಾಗ, ಎಲ್ಲಾ ಸರಿಯಿದೆಯೆಂದು ಹೇಳಿ ಹಾಳೆಗಳನ್ನು ಉಪಾಯವಾಗಿ ಎತ್ತಿಕೊಂಡು ಬಂದುಬಿಡಲೇ ಎಂದೂ ಯೋಚಿಸಿದೆ. ಆದರೆ ಅವರ ಮುಂದೆ ಕೂತಾಗ ಬಾಯಿಗೆ ಬಂದದ್ದು ನಿಜ. ಅವರು ಪೂರ್ತಿ ಕೇಳಿದರು. “ನೀನು ತುಂಬಾ ಓದಿದೋನು, ಅದಕ್ಕೇ ಹೀಗಾಯ್ತು” ಎಂದರು. ಹಾಳೆಗಳು ಎಲ್ಲಿವೆ ಅಜ್ಜಿ ಎಂದೆ. ಅವರು ತಮ್ಮ ಮಂಡಿಯನ್ನು ಸವರಿಕೊಂಡರು. “ಮನೇಲಿಲ್ಲ ಕಣಪ್ಪ” ಎಂದರು.

ವಿಷಯವೇನೆಂದರೆ, ಮಯೂರ್ ವಿಹಾರ್‌ನಿಂದ ನೋಯ್ಡಾದವರೆಗೆ ಹರಡಿಕೊಂಡ ಏಳೆಂಟು ಕನ್ನಡದ ಮನೆಗಳ ನಡುವೆ ನನ್ನ ಡಬ್ಬಿಯಂಥ ಡಬ್ಬಿಗಳು ಮೂವತ್ತು ವರ್ಷಗಳಿಂದ ಓಡಾಡುತ್ತಿವೆ. ಈಚೆಗೆ ಮಂಡಿನೋವು ಹೆಚ್ಚಾಗಿ ಸರಸಮ್ಮನವರು ಒಲೆಯ ಮುಂದೆ ನಿಲ್ಲಲಾರರು. ಸೊಸೆಗೆ ಗುರಗಾಂವ್‌ನ ಆಫೀಸು. “ಬಂದ ಡಬ್ಬಿ ಖಾಲಿ ಹೇಗಪ್ಪಾ ಕಳಿಸ್ಲಿ? ಓದಿ ಆಗಿತ್ತಲ್ಲ, ನಿನ್ನ ಹಾಳೆ ಮಡಿಸಿ ಒಂದೊಂದು ಡಬ್ಬಿಗೆ ನಾಕು ನಾಕು ಹಾಕಿ ಕಳಿಸ್ದೆ. ನಿನ್ನ ಹತ್ರ ಪೆಟ್ಟಿಗೇಲಿ ಇದೆಯಲ್ಲ ಅಂದ್ಕೊಂಡೆ.” ನಾನು ಪೆನ್‌ಡ್ರೈವನ್ನು ನಂಬಿದ ಹಾಗೆ ಅವರು ನನ್ನನ್ನು ನಂಬಿದ್ದರು. ನನಗೆ ಅಳುವೇ ಬಂತು, ಅತ್ತೆ. ಚಕ್ಕುಲಿಯ ಬದಲು ಹೋದ ಹಾಳೆಯನ್ನು ಯಾರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಅದಿತಿ ನೀರು ತಂದುಕೊಟ್ಟು, “ಅನ್ವರ್ ಭಯ್ಯಾ, ರೋ ಮತ್ ಯಾರ್, ಅಳ್ಬೇಡಿ. ಅಜ್ಜೀ, ನಾನು ಸಬ್ ಕೋ ಫೋನ್ ಮಾಡ್ತೀನಿ” ಎಂದಳು. ಅಜ್ಜಿ ಹೇಳುತ್ತಾ ಹೋದ ನಂಬರುಗಳು ಅವರ ಬಾಯಲ್ಲೇ ಇದ್ದವು, ಯಾವ ಪುಸ್ತಕವನ್ನೂ ನೋಡಬೇಕಾಗಲಿಲ್ಲ.

ಅದರ ಮುಂದಿನ ಭಾನುವಾರ ಫ್ರಾನ್ಸಿಸನನ್ನೂ ಕರೆದುಕೊಂಡು ಹೋದೆ, ಸಾಕ್ಷಿಗೋ ಸಾಂತ್ವನಕ್ಕೋ ತಿಳಿಯದೆ. ಊಟದ ಮೇಜಿನ ಮೇಲೆ ಡಬ್ಬಿಗಳ ಸಾಲು ನಿಂತಿತ್ತು. ಮೊದಲನೆಯದನ್ನು ತೆರೆದೆ. ರವೆ ಉಂಡೆಯ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನಾಲ್ಕು ಹಾಳೆ, ಕೊಬ್ಬರಿ ಎಣ್ಣೆಯ ಪ್ರಕರಣ. ಅದರ ಅಂಚಿನಲ್ಲಿ ನೀಲಿ ಇಂಕಿನಲ್ಲಿ ಯಾರದೋ ಗುಂಡಗಿನ ಅಕ್ಷರ: ‘ಸರಸಕ್ಕ, ನೀವೊಬ್ಬರೇ ಅಲ್ಲ, ನಾನು ಎರಡು ವರ್ಷ ಎಸೆದಿದ್ದೇನೆ. ನಮ್ಮವರಿಗೆ ಇವತ್ತಿಗೂ ಹೇಳಿಲ್ಲ.’ ಇನ್ನೊಂದು ಡಬ್ಬಿಯ ಹಾಳೆಯಲ್ಲಿ ಮೊಸರಿನ ಕಥೆಗೆ ತಿದ್ದುಪಡಿ: ‘ರಜಾಯಿ ಬೇಡ. ಗೋಧಿಹಿಟ್ಟಿನ ಡಬ್ಬಿಯೊಳಗೆ ಹೂತಿಡಬೇಕು. ಗಂಡ ಒದೆಯುವುದಿಲ್ಲ.’ ಮೂರನೆಯದರಲ್ಲಿ ನನ್ನ ಹಾಳೆಗಳ ಹಿಂದಿನ ಖಾಲಿ ಬೆನ್ನಿನ ಮೇಲೆ, ನೋಯ್ಡಾದ ಒಬ್ಬರು, ಮದುವೆಯಾಗಿ ದಿಲ್ಲಿ ಸ್ಟೇಷನ್ನಿನಲ್ಲಿ ಇಳಿದಾಗ ಗಂಡನ ಮುಖ ಮರೆತುಹೋಗಿ ಬೇರೊಬ್ಬರ ಟ್ರಂಕಿನ ಹಿಂದೆ ನಡೆದದ್ದನ್ನು, ಜಾಗ ಸಾಲದೆ ಅಡ್ಡಡ್ಡ ಬರೆದಿದ್ದರು. ಒಬ್ಬರಂತೂ ಹಾಳೆಯನ್ನು ಗೂಡಿಗೆ ಹಾಸಿದ್ದರು; ಕ್ಷಮಾಪಣೆಯ ಜೊತೆ ಅದನ್ನೇ ಎತ್ತಿ ಕಳಿಸಿದ್ದರು, ಅರಿಶಿನದ ಕಲೆಯ ನಡುವೆ ಅಕ್ಷರಗಳೆಲ್ಲ ಓದುವಂತಿದ್ದವು. ಮೂರು ಹಾಳೆ ಬರಲೇ ಇಲ್ಲ. ಉಳಿದದ್ದೆಲ್ಲ ಬಂತು, ಹೋದದ್ದಕ್ಕಿಂತ ತುಂಬಿಕೊಂಡು ಬಂತು.

ಮೇಜಿನ ಸುತ್ತ ರವೆ ಉಂಡೆ ತಿನ್ನುತ್ತಾ ಕೂತಾಗ, ನನ್ನ ಯಂತ್ರಕ್ಕೆ ಈಗ ಹಾಕಿರುವುದೇನು, ಅದನ್ನು ಪುಕ್ಕಟೆ ಏಕೆ ಕೊಡುತ್ತಾರೆ, ಏನೋ ಮೋಸವಿರಬೇಕಲ್ಲವೇ ಎಂದು ಸರಸಮ್ಮ ಫ್ರಾನ್ಸಿಸನನ್ನು ವಿಚಾರಿಸಿಕೊಂಡರು. ಅವನು ಉತ್ಸಾಹದಿಂದ ಪರವಾನಗಿಯ ತತ್ತ್ವವನ್ನು ವಿವರಿಸಿದ: ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಏನಿದೆಯೆಂದು ನೋಡಬಹುದು, ತಿದ್ದಬಹುದು, ಹಂಚಬಹುದು, ಆದರೆ ತಿದ್ದಿ ಹಂಚುವವನು ತಾನು ತಿದ್ದಿದ್ದನ್ನೂ ಮುಂದಿನವರಿಗೆ ಹಾಗೆಯೇ ತೆರೆದು ಕೊಡಬೇಕು. ಇದಕ್ಕಾಗಿ ಇಂಗ್ಲಿಷಿನಲ್ಲಿ ಎಷ್ಟೋ ಪುಟ ಕಾನೂನು ಬರೆದಿದ್ದಾರೆ ಅಜ್ಜಿ ಎಂದ. ಸರಸಮ್ಮ ಉಂಡೆಯ ಪುಡಿಯನ್ನು ಸೆರಗಿನಿಂದ ಕೊಡವಿದರು. “ಡಬ್ಬಿ ಖಾಲಿ ಕಳಿಸಬಾರದು ಅಂತ ತಾನೇ? ಅಷ್ಟಕ್ಕೆ ಅಷ್ಟೊಂದು ಪುಟ ಯಾಕಪ್ಪ!” ಎಂದರು. ಅಂದಿನಿಂದ ಫ್ರಾನ್ಸಿಸ್ ಲ್ಯಾಬಿನಲ್ಲಿ ಈ ವಿಷಯ ಬಂದಾಗಲೆಲ್ಲ ಕಾನೂನು ಬಿಟ್ಟು ಡಬ್ಬಿಯ ಮಾತೇ ಆಡುತ್ತಾನಂತೆ.

ಹಗುರ ವ್ಯವಸ್ಥೆಯ ಮೇಲೆ ಎಲ್ಲವನ್ನೂ ಮತ್ತೆ ಟೈಪಿಸಿದೆ, ಅಂಚಿನ ಮಾತುಗಳನ್ನೂ ಸೇರಿಸಿ. ಈಗ ಗುಂಡಿ ಒತ್ತಿದರೆ ಸರಸಮ್ಮ ಕಾಲು ನೀಡುವುದರೊಳಗೆ ಪರದೆ ಸಿದ್ಧ. ಬ್ಯಾಟರಿ ಮುಗಿಯುವ ಮೊದಲು ಅವರ ಉಸಿರು ದಣಿಯುತ್ತದೆ. ಬಾರದ ಮೂರು ಹಾಳೆಗಳನ್ನು ಅವರು ಮತ್ತೆ ಹೇಳಿದರು, ಬೇರೆ ಥರ ಹೇಳಿದರು. ಮೊದಲಿನದಕ್ಕಿಂತ ಚೆನ್ನಾಗಿತ್ತು ಎಂದು ನಾನು, ಸುಳ್ಳು ಎಂದು ಅವರು. ಪ್ರತಿ ಸಂಜೆ ಪ್ರತಿಯನ್ನು ಫ್ರಾನ್ಸಿಸನಿಗೆ, ಮಾರ್ಗದರ್ಶಕರಿಗೆ, ಅದಿತಿಗೆ ಇಮೇಲಿಸಿದೆ; ಉಪ್ಪಿನ ನಡುವೆ ಕೊಬ್ಬರಿ ಎಣ್ಣೆಯೇಕೆ ಎಂದು ಮಾರ್ಗದರ್ಶಕರು ಉತ್ತರಿಸಿದರು. ಕೊನೆಗೆ ಸ್ಪೈರಲ್ ಹೊಲಿಗೆ ಹಾಕಿಸಿದ ಪುಸ್ತಕವನ್ನು ಸರಸಮ್ಮನವರ ಮಡಿಲಲ್ಲಿಟ್ಟಾಗ, ಅವರು ಕಿಟಕಿಯ ಹತ್ತಿರ ಕುರ್ಚಿ ಎಳೆಸಿಕೊಂಡು, ಭೂತಗನ್ನಡಿ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತಾ ಮೊದಲ ಪುಟವನ್ನು ಪೂರ್ತಿಯಾಗಿ ತಾವೇ ಓದಿದರು. ಅರ್ಧ ಗಂಟೆ ಹಿಡಿಯಿತು. ಎರಡನೆಯ ಪುಟಕ್ಕೆ ಹೋಗಿ, ಕಣ್ಣೊರೆಸಿಕೊಂಡು, “ಸಾಕು, ಓದಿದೆ” ಎಂದು ಮುಚ್ಚಿದರು. ಆ ಮೊದಲ ಪುಟಕ್ಕಾಗಿ ನಾನು ಗೊತ್ತಿಲ್ಲದ ಎಷ್ಟು ಜನರಿಗೆ ಋಣಿಯೋ, ಲೆಕ್ಕವಿಲ್ಲ: ‘ಸಹಾಯ’ ಎಂದು ಬರೆದವರು, ಗೂಡಿಗೆ ಹಾಸಿದ್ದನ್ನು ಎತ್ತಿಕೊಟ್ಟವರು, ಎಲ್ಲರೂ ನನ್ನ ಮಟ್ಟಿಗೆ ಒಂದೇ ಸೊಸೈಟಿಯವರು. ನಾನು ಭದ್ರವಾಗಿಟ್ಟದ್ದು ಹೋಯಿತು, ಸರಸಮ್ಮ ಹಂಚಿದ್ದು ಉಳಿಯಿತು.

ಆರು ತಿಂಗಳಾಯಿತು. ಈಗ ಸರಸಮ್ಮನವರಿಗೆ ಬೆಳಕು ಮಾತ್ರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಮೂರು ವಾರದ ಹಿಂದೆ ಬಂದ ಡಬ್ಬಿಯ ತಳದಲ್ಲಿದ್ದ ಚೀಟಿಯನ್ನು ಈಗ ತೋರಿಸುತ್ತೇನೆ. ಕನ್ನಡವನ್ನು ಅರ್ಥ ಮಾಡಿಕೊಳ್ಳಬಲ್ಲ, ಆದರೆ ಅದರ ಓದು ಬರಹ ತಿಳಿಯದಿದ್ದ ಹತ್ತೊಂಬತ್ತರ ಹುಡುಗಿ ಅದಿತಿ, ಪೆನ್ನನ್ನು ಒತ್ತಿ ಒತ್ತಿ, ನನ್ನ ಇಪ್ಪತ್ತು ಪಾಯಿಂಟಿಗಿಂತಲೂ ದಪ್ಪವಾಗಿ ಬರೆದದ್ದು: ‘ಅನ್ವರ್ ಭಯ್ಯಾ, ಚಕ್ಕುಲಿ ಅಮ್ಮ ಮಾಡಿದ್ದು. ಈ ಚೀಟಿ ನಾನು. ನಿಮ್ಮ ಬುಕ್ ಇಂದ ಅಕ್ಷರ ಕಲಿತೆ. ಅಜ್ಜಿಗೆ ದಿನಾ ಓದಿದೆ. ಪೂರ್ತಿ ಆಯಿತು. ಅಜ್ಜಿ ಕೇಳ್ತಾರೆ, ಇನ್ನೇನು ಓದಲಿ?’

ಇದಕ್ಕೆ ಪೇಠಾ ತುಂಬಿ ಕಳಿಸಲು ಬರುತ್ತದೆಯೇ, ನೀವೇ ಹೇಳಿ. ಓದುಗ ಮಹಾಶಯ ಎಂದು ಇಷ್ಟು ಹೊತ್ತು ನಾನು ಕರೆದದ್ದು ನಿನ್ನನ್ನೇ ಅದಿತಿ. ನಿಧಾನವಾಗಿ ಓದು, ಸಂಸ್ಕೃತದ ಪದ ಅಡ್ಡಬಂದರೆ ಅಜ್ಜಿಯನ್ನು ಕೇಳು, ಪಾಯಸದ ಭಾಗ ಬಂದಾಗ ಅವರು ನಕ್ಕರೇ ಎಂದು ನನಗೆ ಹೇಳು. ಇವತ್ತು ಬೆಳಿಗ್ಗೆ ಈ ಹಾಳೆಗಳನ್ನು ಫೋಟೋಸ್ಟ್ಯಾಟ್ ಅಂಗಡಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆ. ಭಯ್ಯಾ ಅಳಿಸಲು ಹೋದಾಗ, ಇರಲಿ, ನಿಮ್ಮ ಹತ್ತಿರವೂ ಒಂದಿರಲಿ ಎಂದೆ. ಸುರುಳಿ ಸುತ್ತಿ ಡಬ್ಬಿಯೊಳಗೆ ಇಳಿಸಿ, ಮೇಲೊಂದಿಷ್ಟು ಎಳ್ಳುಬೆಲ್ಲದ ಗಜಕ್ ಹಾಕಿ ಮುಚ್ಚಳ ಒತ್ತಿದ್ದೇನೆ. ನಾಳೆ ಭಾನುವಾರ, ಬಸ್ಸಿನಲ್ಲಿ ಈ ಸಲ ಚೆಲ್ಲುವಂಥದ್ದೇನೂ ಇಲ್ಲ.